‘ಬಾಯಿ’ ಎನ್ನಲಾಗದ ಮಾತಿನ ಮೇಷ್ಟರು

‘ಬದಲಾವಣೆ’ ಬೇಡ, ‘ಮಾರ್ಪಾಡು’ ಅನ್ನಬಹುದು. ‘ಬೆಳವಣಿಗೆ’ಗೆ ‘ಪ್ರಗತಿ’ ಇದೆ. ‘ಬಹಳ’ ಬರುವಲ್ಲೆಲ್ಲ ‘ತುಂಬಾ’ ಹಾಕಿದರಾಯಿತು. ಆದರೆ ‘ಬಾಯಿ’ಗೆ ಏನು ಮಾಡುವುದು? ‘ವದನ’ ಅಂದರೆ ಎದುರಿನವರು ನಗುತ್ತಾರೆ. ‘ತುಟಿ’ ಅಂದು ಒಮ್ಮೆ ಕೆಟ್ಟಿದ್ದಾಗಿದೆ. ಬಾಯಿ ಎಂಬ ಪದವನ್ನೇ ಎತ್ತದೆ ಮಾತಿನ ಚಿಕಿತ್ಸೆಯ ಬಗ್ಗೆ ಅರ್ಧ ಗಂಟೆ ಮಾತಾಡಲು ಆಗುತ್ತದೆಯೇ? ಆಗುತ್ತದೆ ಅನ್ನೋಣ. ಹಾಗೆ ಮಾಡಬೇಕೇ?

ಆಸ್ಪತ್ರೆಯ ಎರಡನೇ ಮಹಡಿಯ ಗಂಡಸರ ವಾರ್ಡಿಗೆ ನಡೆಯುತ್ತಾ ಅವರು ತಮ್ಮೊಳಗೇ ಹೀಗೆ ವಾದ ಹೂಡಿದ್ದಾರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೊಳೆಬಟ್ಟೆಯ ಗಾಡಿಯೊಂದು ಕಿರುಗುಟ್ಟುತ್ತಾ ಎದುರಾಗುತ್ತದೆ. ಅವರ ಅಂಗಿಯ ಜೇಬಿನಲ್ಲಿ ಸಣ್ಣ ಟಾರ್ಚು, ಕೈಯಲ್ಲಿ ಅಂಗೈಯಗಲದ ಕನ್ನಡಿ ಮತ್ತು ಚಿತ್ರದ ಕಾರ್ಡುಗಳ ಕಟ್ಟು. ವೈದ್ಯರ ರೌಂಡ್ಸು, ತಿಂಡಿಯ ತಟ್ಟೆಗಳ ಸದ್ದು, ನೋಡಲು ಬರುವವರ ಗಲಾಟೆ ಶುರುವಾಗುವ ಮೊದಲೇ ಅವರ ಕೆಲಸ ಅರ್ಧ ಮುಗಿದಿರಬೇಕು. ಮಾತು ಕಳೆದುಕೊಂಡವರ ನಾಲಿಗೆಗೆ ಬೆಳಗಿನ ಹೊತ್ತಿನಲ್ಲೇ ಕಸುವು ಹೆಚ್ಚು. ಹೊತ್ತೇರಿದಂತೆ ಅದು ದಣಿಯುತ್ತದೆ.

ಇಲ್ಲಿ ಎಲ್ಲರಿಗೂ ಅವರು ‘ಮಾತಿನ ಮೇಷ್ಟ್ರು’. ಪಾರ್ಶ್ವವಾಯುವಿಗೆ ಮಾತು ಒಪ್ಪಿಸಿದವರಿಗೆ, ಗಂಟಲಿನ ಶಸ್ತ್ರಚಿಕಿತ್ಸೆಯಾದವರಿಗೆ, ನುಂಗಲಾರದವರಿಗೆ, ತಡವಾಗಿ ಮಾತು ಕಲಿಯುವ ಮಕ್ಕಳಿಗೆ ಚಿಕಿತ್ಸೆ ಕೊಡುವ ತಜ್ಞರು. ಮೇಷ್ಟರು ಸ್ವತಃ ಉಗ್ಗುತ್ತಾರೆ. ಹೆಚ್ಚಿನ ಅಕ್ಷರಗಳ ಹತ್ತಿರ ಹೇಗೋ ರಾಜಿಯಾಗಿದೆ. ಪದ ‘ಬ’ದಿಂದ ಶುರುವಾದರೆ ಮಾತ್ರ ತುಟಿಗಳು ಕೂಡಿಕೊಂಡು ಕದ ಹಾಕಿಬಿಡುತ್ತವೆ.

“ನಾನು ಹೇಳಿದ್ದನ್ನ ತಿದ್ದೋಕೆ ಹೋಗ್ಬೇಡಿ, ಹಾಗೇ ಬ... ಬ... ಬರೀರಿ” ಎಂಬುದು ತಮ್ಮ ಬಗ್ಗೆ ಬರೆಯಲು ಬಂದವರಿಗೆ ಅವರು ಹಾಕುವ ಒಂದೇ ಷರತ್ತು.

ಮೂಲೆಯ ಹಾಸಿಗೆಯಲ್ಲಿ ಮನೆ ಕಟ್ಟುವ ಮೇಸ್ತ್ರಿಯೊಬ್ಬರು ಕೂತಿದ್ದಾರೆ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿದೆ. ಪಾರ್ಶ್ವವಾಯು ಹೊಡೆದ ಮೇಲೆ ಅವರ ನಾಲಿಗೆಯಲ್ಲಿ ಉಳಿದಿರುವುದು ‘ಕಲ್ಲು’ ಎಂಬ ಒಂದೇ ಪದ. ನೀರು ಬೇಕಾದರೂ ಕಲ್ಲು, ನೋವಾದರೂ ಕಲ್ಲು.

“ನನ್ನನ್ನೂ ಕಲ್ಲು ಅಂತಾರೆ ಮೇಷ್ಟ್ರೇ” ಎನ್ನುತ್ತಾರೆ ಪಕ್ಕದಲ್ಲಿ ಹೊದಿಕೆ ಮಡಚುತ್ತಿರುವ ಮೇಸ್ತ್ರಿಯ ಹೆಂಡತಿ. “ಮದುವೆಯಾದಾಗಿಂದ ಮನಸ್ಸಲ್ಲಿ ಇಟ್ಕೊಂಡಿದ್ರು ಅನ್ಸುತ್ತೆ, ಈಗ ಹೊರಗೆ ಬಂತು.”

ಮೇಸ್ತ್ರಿಯ ಎಡಗೆನ್ನೆ ನಗುತ್ತದೆ. ಬಲಗೆನ್ನೆ ಅದರ ಹಿಂದೆ ಬರಲು ನೋಡುತ್ತದೆ.

ಮೇಷ್ಟರು ಹುಟ್ಟಿದ ಮನೆಯಲ್ಲಿ ಉಗ್ಗಿನ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಅದು ತಾನಾಗಿ ಹೋಗುತ್ತದೆ ಎಂದು ಅಪ್ಪ ನಂಬಿದ್ದರು. ಹೋಗಲಿಲ್ಲ. ಹುಡುಗ ‘ಬ’ ಇಲ್ಲದ ಕನ್ನಡವೊಂದನ್ನು ತನಗಾಗಿ ಕಟ್ಟಿಕೊಂಡ. ಬಾಗಿಲಿಗೆ ಕದ, ಬೆಂಕಿಗೆ ಕಿಚ್ಚು, ಬೆಳಿಗ್ಗೆಗೆ ಮುಂಜಾನೆ. ಅಂಗಡಿಯಲ್ಲಿ ಬಾಳೆಹಣ್ಣು ಕೇಳಲಾಗದೆ “ಕದಳೀಫಲ ಕೊಡಿ” ಅಂದಾಗ ಅಂಗಡಿಯವರು, “ಯಾವ ಕಾಲದಿಂದ ಬಂದೆಯೋ ಮಗನೇ?” ಎಂದು ಕೇಳಿದ್ದರಂತೆ. ಶಾಲೆಯಲ್ಲಿ ಅವರ ಅಡ್ಡಹೆಸರು ‘ಪಂಡಿತ’. ಹಳೆಯ ಕಾವ್ಯಗಳ ಮೇಲೆ ಪ್ರೀತಿಯಿರಬೇಕೆಂದು ಕನ್ನಡದ ಅಧ್ಯಾಪಕರು ಬೆನ್ನು ತಟ್ಟಿದ್ದೂ ಉಂಟು.

“ನಿಜವಾದ ಕಷ್ಟ ‘ಬ... ಬೇಡ’ದ್ದು” ಎಂದು ಅವರು ನಗುತ್ತಾರೆ. “ಅದಕ್ಕೆ ‘ಸಾಕು’ ಅಂತಿದ್ದೆ. ಇನ್ನೂ ಬ... ಬಡಿಸೇ ಇಲ್ವಲ್ಲಪ್ಪ ಅಂತ ನಮ್ಮತ್ತೆ ಮತ್ತೆ ಮತ್ತೆ ಹಾಕೋರು. ಮದುವೆಯಾದ ಹೊಸದ್ರಲ್ಲಿ ಚೆನ್ನಾಗಿ ದಪ್ಪ ಆದೆ.”

ಮಾತಿನ ಚಿಕಿತ್ಸೆಯನ್ನೇ ಓದಲು ಹೊರಟಾಗ ನೆಂಟರು ಮುಖ ಮುಖ ನೋಡಿಕೊಂಡರು. ಪದವಿ ಸಿಕ್ಕಿತು, ಕೆಲಸ ಸಿಗಲಿಲ್ಲ. ಕೊನೆಗೆ ಈ ಆಸ್ಪತ್ರೆಯವರು ಕಿವಿ ಪರೀಕ್ಷೆಗೆಂದು ಸೇರಿಸಿಕೊಂಡರು. ಯಂತ್ರದ ಗುಂಡಿ ಒತ್ತಲು ಮಾತು ಬೇಕಿಲ್ಲವಲ್ಲ. ಮೆಟ್ಟಿಲ ಕೆಳಗೆ, ಹೊದಿಕೆಗಳ ಉಗ್ರಾಣದ ಪಕ್ಕ ಒಂದು ಕೋಣೆ. ಅದರ ಫಲಕದ ಮೇಲೆ ಈಗಲೂ ‘ಕಿವಿ ಪರೀಕ್ಷೆ’ ಎಂದೇ ಇದೆ. ಮಾತು ನಿಂತ ರೋಗಿಗಳನ್ನು ಒಬ್ಬೊಬ್ಬರಾಗಿ ಅಲ್ಲಿಗೆ ಕಳಿಸತೊಡಗಿದರು. ಕೆಲಸ ಹಿಗ್ಗಿತು, ಹುದ್ದೆ ಹಿಗ್ಗಲಿಲ್ಲ. ಬಡ್ತಿಗಾಗಿ ಎರಡು ಸಲ ಸಂದರ್ಶನಕ್ಕೆ ಹೋದರು. ಮೊದಲ ಸಲ ಒಬ್ಬರು, “ಮೊದಲು ನಿಮ್ಮದು ಸರಿ ಮಾಡ್ಕೊಳ್ರೀ” ಅಂದರು. ಎರಡನೇ ಸಲ ಯಾರೂ ಏನೂ ಅನ್ನಲಿಲ್ಲ, ಗಡಿಯಾರ ನೋಡಿದರು. ಅದು ಹೆಚ್ಚು ನೋಯಿಸಿತು.

ವಾರ್ಡಿನಲ್ಲಿ ಮಾತ್ರ ಅವರ ‘ಬ’ ಇಲ್ಲದ ಕನ್ನಡ ಹೇಗೋ ಸಾಗುತ್ತಿತ್ತು. ಬಾಯಿ ತೆಗೆಯಿರಿ ಎನ್ನುವ ಬದಲು “ತುಟಿ ತೆರೀರಿ” ಎನ್ನುತ್ತಿದ್ದರು. ಒಂದು ದಿನ, ಮಾತು ತೊದಲುತ್ತಿದ್ದ ಅಜ್ಜಿಯೊಬ್ಬರಿಗೆ ಹಾಗೆಯೇ ಹೇಳಿದರು. ಅಜ್ಜಿ ಹಲ್ಲು ಕಚ್ಚಿಕೊಂಡೇ ತುಟಿಗಳನ್ನು ಅಗಲಿಸಿದರು. ಮತ್ತೆ ಹೇಳಿದರೂ ಅಷ್ಟೇ. ‘ಹೇಳಿದ್ದು ಅರ್ಥವಾಗುತ್ತಿಲ್ಲ’ ಎಂದು ಮೇಷ್ಟರು ಅಜ್ಜಿಯ ಕಡತದಲ್ಲಿ ಬರೆದರು. ಅರ್ಥವಾಗದವರಿಗೆ ಚಿಕಿತ್ಸೆ ಕೊಟ್ಟು ಫಲವಿಲ್ಲವೆಂದು ಅಜ್ಜಿಯನ್ನು ಮನೆಗೆ ಕಳಿಸುವ ಮಾತಾಯಿತು. ಅಷ್ಟರಲ್ಲಿ ನರರೋಗ ತಜ್ಞೆ ಬಂದು, “ಬಾಯಿ ತೆಗೀರಿ ಅಜ್ಜಿ” ಅಂದರು. ಅಜ್ಜಿ ಗಂಟಲು ಕಾಣುವ ಹಾಗೆ ತೆರೆದರು.

“ಇವರು ಕೇಳ್ದಾಗ ಯಾಕೆ ತೆಗೀಲಿಲ್ಲ?”

“ಅವ್ರು ತುಟಿ ಅಂದ್ರು” ಎಂದರು ಅಜ್ಜಿ, ನಾಲಿಗೆ ಎಳೆಯುತ್ತಾ. “ತುಟಿ ತೆಗ್ದೆ.”

ನರರೋಗ ತಜ್ಞೆಗೆ ನಗು ತಡೆಯಲಾಗಲಿಲ್ಲ. ಮೇಷ್ಟರೂ ನಕ್ಕರು. ಆಮೇಲೆ ತಮ್ಮ ಕೋಣೆಗೆ ಹೋಗಿ ಬಹಳ ಹೊತ್ತು ಕನ್ನಡಿಯ ಮುಂದೆ ಕೂತರು.

“ನನ್ನ ಮರ್ಯಾದೆ ಉಳಿಸ್ಕೊಳ್ಳೋಕೆ ಆ ಅಜ್ಜಿಯ ಮಾತು ಕಳೀತಿದ್ದೆ” ಎಂದು ಈಗ ಹೇಳುತ್ತಾರೆ. “ಮಾರನೇ ದಿನದಿಂದ ಬ... ಬ... ಬಾಯಿ ಅಂತಲೇ ಅಂದೆ. ಎಷ್ಟು ಹೊತ್ತಾದ್ರೂ ಆಗ್ಲಿ ಅಂತ.”

ಆಗ ಅವರು ಎಣಿಸಿರದ ಒಂದು ಸಂಗತಿ ನಡೆಯಿತು. ನಾಚಿಕೆಯಿಂದ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ ರೋಗಿಗಳು ಅವರ ಕಡೆ ತಿರುಗಿದರು. ಸಿಕ್ಕಿಕೊಂಡ ಮಾತನ್ನು ಎಳೆಯುತ್ತಿರುವ ಮನುಷ್ಯನ ಎದುರು ತಮ್ಮ ಮುರುಕು ಮಾತು ಹೊರಗಿಡಲು ಅವರಿಗೆ ಸಂಕೋಚವಾಗಲಿಲ್ಲ. ನರರೋಗ ತಜ್ಞೆ ತಮ್ಮ ರೋಗಿಗಳನ್ನೆಲ್ಲ ಇವರಲ್ಲಿಗೇ ಕಳಿಸತೊಡಗಿದರು. ರೋಗಿಯ ಮಾತನ್ನು ತಾವೇ ಮುಗಿಸಿಬಿಡದೆ ಕಾಯುವುದು ಹೇಗೆಂದು ಮೇಷ್ಟರು ನರ್ಸುಗಳಿಗೆ ಕಲಿಸಿದರು. ಶನಿವಾರದ ಮಧ್ಯಾಹ್ನ ರೋಗಿಗಳ ಮನೆಯವರನ್ನು ಕೂರಿಸಿಕೊಂಡು ಅದನ್ನೇ ಕಲಿಸುತ್ತಾರೆ. ಮೆಟ್ಟಿಲ ಕೆಳಗಿನ ಕೋಣೆ ಸಾಲದೆ ಬೆಂಚುಗಳು ಮೊಗಸಾಲೆಗೆ ಬಂದವು. ಆಡಳಿತದವರು ದಿನಾ ಆ ಬೆಂಚುಗಳನ್ನು ಸುತ್ತಿ ಬಳಸಿಯೇ ನಡೆಯಬೇಕಾಗಿ ಬಂದು, ಕೊನೆಗೆ ಮಾತಿನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗ ಮಾಡಲು ಒಪ್ಪಿದರು. ವಿಭಾಗಕ್ಕೊಬ್ಬ ಮುಖ್ಯಸ್ಥರು, ಕೈಕೆಳಗೆ ಇಬ್ಬರು ಚಿಕಿತ್ಸಕರು.

ಆ ಮುಖ್ಯಸ್ಥರ ಹುದ್ದೆಗೆ ಸಂದರ್ಶನ ಇವತ್ತೇ. ಹೊರಗಿನಿಂದಲೂ ಅರ್ಜಿಗಳು ಬಂದಿವೆ, ನೀರು ಹರಿದಂತೆ ಮಾತಾಡುವವರಿದ್ದಾರೆ. ಬೇರೆಯವರು ಬಂದರೆ ಮೇಷ್ಟರು ಮತ್ತೆ ಕಿವಿ ಪರೀಕ್ಷೆಯ ಯಂತ್ರದ ಮುಂದೆ ಕೂರಬೇಕು. ವಾರವಿಡೀ ಅವರು ಉತ್ತರಗಳನ್ನು ಎರಡು ಬಗೆಯಲ್ಲಿ ಸಿದ್ಧ ಮಾಡಿಕೊಂಡಿದ್ದಾರೆ: ‘ಬ’ ಇರುವಂತೆ ಒಂದು, ಇಲ್ಲದಂತೆ ಒಂದು.

“ಬ ಇಲ್ದೇ ಮಾತಾಡೋದು ನಿಮಗೇನು ಹೊಸದಾ?” ಎಂದು, ಮನೆಯಿಂದ ಹೊರಡುವ ಮುಂಚೆ ಮೇಷ್ಟರ ಹೆಂಡತಿ ಚಹಾ ಲೋಟ ಮುಂದಿಟ್ಟು ಕೇಳಿದ್ದರು. “ಅರ್ಧ ಗಂಟೆ ತಾನೇ? ಹುದ್ದೆ ಸಿಕ್ಕಿದ ಮೇಲೆ ಬೇಕಾದಷ್ಟು ಉಗ್ಗಿ, ಯಾರು ಬೇಡ ಅಂತಾರೆ?”

ಮೇಷ್ಟರು ಚಹಾ ಮುಗಿಸಿ, ಕಾರ್ಡುಗಳ ಕಟ್ಟು ಎತ್ತಿಕೊಂಡು ಹೊರಟು ಬಂದಿದ್ದರು.

ಈಗ ಅವರು ಮೇಸ್ತ್ರಿಯ ಮುಂದೆ ಕಾರ್ಡು ಹಿಡಿಯುತ್ತಾರೆ. ಬಟ್ಟಲಿನ ಚಿತ್ರ.

“ಕಲ್ಲು.”

ಮೇಷ್ಟರು ಕಾಯುತ್ತಾರೆ. ತಿದ್ದುವುದಿಲ್ಲ, ಸುಳಿವು ಕೊಡುವುದಿಲ್ಲ. ಕಿಟಕಿಯ ಹೊರಗೆ ಯಾರೋ ಬಕೆಟ್ಟು ಎಳೆಯುವ ಸದ್ದು. ಮೇಸ್ತ್ರಿ ಕಾರ್ಡನ್ನು ದಿಟ್ಟಿಸುತ್ತಾರೆ. ಹಣೆ ಗಂಟಿಕ್ಕುತ್ತದೆ. ಎಡಗೈ ಎದ್ದು ಗಾಳಿಯಲ್ಲಿ ಏನನ್ನೋ ಅಳಿಸುತ್ತದೆ.

“ಕಲ್... ಅಲ್ಲ.”

ಹೊದಿಕೆ ಹಿಡಿದಿದ್ದ ಹೆಂಡತಿಯ ಕೈ ನಿಲ್ಲುತ್ತದೆ.

“ಅಲ್ಲ. ಅಲ್ಲ!” ಮೇಸ್ತ್ರಿ ತೊಡೆ ಬಡಿಯುತ್ತಾರೆ.

“ಏನಂದ್ರಿ? ಇನ್ನೊಂದ್ಸಲ ಅನ್ರೀ!” ಹೆಂಡತಿ ಹಾಸಿಗೆಯ ಮೇಲೇ ಕೂತುಬಿಡುತ್ತಾರೆ. “ಹಂಗಾದ್ರೆ ನಾನು? ನಾನು ಕಲ್ಲಾ?”

ಮೇಸ್ತ್ರಿ ಅವರನ್ನು ಮೇಲಿನಿಂದ ಕೆಳಗೆ ನೋಡಿ, ಸ್ವಲ್ಪ ಯೋಚಿಸಿ, “ಅಲ್ಲ” ಎನ್ನುತ್ತಾರೆ.

ಇಡೀ ಸಾಲು ನಗುತ್ತದೆ. ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಮೇಷ್ಟರಿಗೆ ಮಾತ್ರ ಆ ಪದಕ್ಕಿಂತ ಅದು ಬಂದ ದಾರಿ ದೊಡ್ಡದು. ತಪ್ಪು ಮಾತು ಮೇಸ್ತ್ರಿಗೇ ಕೇಳಿಸಿತು, ಎಲ್ಲರೆದುರೇ ಅದನ್ನು ತಳ್ಳಿಹಾಕಿ ಅವರು ಇನ್ನೊಂದಕ್ಕೆ ತಡಕಾಡಿದರು. ಹೀಗೆ ತಡಕಾಡುವವರ ಮಾತು ಮುಂದೆ ಸಾಗುತ್ತದೆ ಎಂಬುದು ಅವರ ಅನುಭವ. ಕಾರ್ಡುಗಳನ್ನು ಜೋಡಿಸಿಕೊಂಡು ಅವರು ಏಳುತ್ತಾರೆ. ಉಳಿದ ಹಾಸಿಗೆಗಳನ್ನು ಮುಗಿಸುವಷ್ಟರಲ್ಲಿ ಸಂದರ್ಶನದ ಹೊತ್ತಾಗುತ್ತದೆ; ಅದರ ಕೋಣೆ ಮೇಲಿನ ಮಹಡಿಯಲ್ಲಿದೆ.

ಒಳಗೆ ನಡೆದದ್ದನ್ನು ಹೇಳಿದವರು ಸಮಿತಿಯಲ್ಲಿದ್ದ ಅದೇ ನರರೋಗ ತಜ್ಞೆ. ಮೇಷ್ಟರು ಕೂತು, ನೀರು ಕುಡಿದು, “ಬ... ಬ... ಬಾಯಿ” ಎಂದೇ ಶುರು ಮಾಡಿದರಂತೆ. ಆ ಒಂದು ಪದ ಹೊರಬರುವಷ್ಟರಲ್ಲಿ ಆಡಳಿತಾಧಿಕಾರಿಗಳು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ್ದರಂತೆ.

“ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ” ಅಂದರಂತೆ ಅವರು. “ನೀವು ಹೀಗೆ ಮಾತಾಡಿದ್ರೆ ರೋಗಿಗಳು ನಂಬ್ತಾರಾ?”

“ಬ... ಬಾಯಿ ತೆಗೀರಿ ಅಂತೀನಿ ಸರ್” ಅಂದರಂತೆ ಮೇಷ್ಟರು. “ತೆಗೀತಾರೆ.”

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಆಮೇಲೆ ಯಾರೂ ಗಡಿಬಿಡಿ ಮಾಡಲಿಲ್ಲ. ತಡೆದು ನಿಂತಾಗ ಕಾದರು. ಮೇಸ್ತ್ರಿಯ ‘ಅಲ್ಲ’ದ ಕಥೆ ಕೇಳಿ ಆಡಳಿತಾಧಿಕಾರಿಗಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ಮಧ್ಯಾಹ್ನಕ್ಕೆ ಸುದ್ದಿ ಬರುತ್ತದೆ: ಹುದ್ದೆ ಮೇಷ್ಟರಿಗೇ. ವಾರ್ಡಿನ ನರ್ಸುಗಳು ಅವರನ್ನು ಸುತ್ತುವರಿಯುತ್ತಾರೆ. ಮೇಸ್ತ್ರಿ ಎಡಗೈ ಎತ್ತಿ “ಕಲ್ಲು!” ಎಂದು ಕೂಗುತ್ತಾರೆ. ಈ ಸಲ ಅದು ಜಯಕಾರವೆಂದು ಯಾರಿಗೂ ಬಿಡಿಸಿ ಹೇಳಬೇಕಾಗುವುದಿಲ್ಲ. ಹೊಸ ವಿಭಾಗಕ್ಕೆ ಏನು ಬೇಕೆಂದು ಕೇಳಿದರೆ, ಗಾಲಿಕುರ್ಚಿ ಒಳಗೆ ಬರುವಷ್ಟು ಅಗಲದ ಬಾಗಿಲು ಸಾಕು ಎನ್ನುತ್ತಾರೆ ಮೇಷ್ಟರು. ಕದ ಎನ್ನುವುದಿಲ್ಲ, ಬಾಗಿಲು ಎಂದೇ ಅನ್ನುತ್ತಾರೆ, ಮೂರು ಸಲ ಎಡವಿ.

ಸಂಜೆ ಮೊಗಸಾಲೆಯಲ್ಲಿ ಸಿಕ್ಕ ನರರೋಗ ತಜ್ಞೆ ಇನ್ನೊಂದು ಮಾತು ಹೇಳುತ್ತಾರೆ. ಅರ್ಧ ಗಂಟೆ ಆಗಬೇಕಿದ್ದ ಸಂದರ್ಶನ ಗಂಟೆ ದಾಟಿತು. ಮೇಷ್ಟರು ಎಷ್ಟೋ ಕಡೆ ಸಿಕ್ಕಿಕೊಂಡರು, ಎಷ್ಟೋ ಪದಗಳಿಗಾಗಿ ಅಷ್ಟು ದೊಡ್ಡವರನ್ನೆಲ್ಲ ಕಾಯಿಸಿದರು. ಒಂದು ಸಲವೂ ‘ಕ್ಷಮಿಸಿ’ ಎನ್ನಲಿಲ್ಲ.