ಅಪ್ಪನ ಕೊನೆಯ ಕಲಾಯಿ

ತಾಮ್ರ ಬೆಸೆಯುವುದು ಕಬ್ಬಿಣ ಬೆಸೆದಂತಲ್ಲ. ಕಬ್ಬಿಣ ಬಿಸಿಯನ್ನು ಕೊಟ್ಟ ಜಾಗದಲ್ಲೇ ಇಟ್ಟುಕೊಳ್ಳುತ್ತದೆ, ತಾಮ್ರ ಮೈಗೆಲ್ಲ ಹಂಚಿಬಿಡುತ್ತದೆ. ತಿಪಟೂರಿನ ನಮ್ಮ ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿ ಟಿಗ್ ವೆಲ್ಡಿಂಗ್ ಮಷೀನು ಇಟ್ಟುಕೊಂಡು ವರ್ಷಗಳೇ ಆಗಿದ್ದವು. ಪಂಪಿನ ಕಂಚಿನ ಬುಷ್ಷು, ಹಿತ್ತಾಳೆ ವಾಲ್ವು, ಬಚ್ಚಲ ಹಂಡೆ ಎಲ್ಲ ಬೆಸೆದಿದ್ದೆ. ಹಾಗಾಗಿ ಗೊತ್ತಿಲ್ಲದೆ ಮಾಡಿದೆ ಎನ್ನುವ ನೆಪ ನನಗಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಪ್ಪ ಕಲಾಯಿ ಹಾಕುವವರು. ತಾಮ್ರದ ಪಾತ್ರೆಯ ಒಳಗೆ ತವರದ ತೆಳು ಪದರ ಹಚ್ಚದಿದ್ದರೆ ಹುಳಿ ತಾಗಿ ಕಿಲುಬು ಏಳುತ್ತದೆ, ಅಡುಗೆ ವಿಷವಾಗುತ್ತದೆ. ಸೈಕಲ್ಲಿಗೆ ಒಲೆ ಊದುವ ತಿದಿ ಕಟ್ಟಿಕೊಂಡು ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿದವರು ಅವರು. ಮನೆಯಲ್ಲಿ ನಮ್ಮದು ಉರ್ದು. ಆದರೆ ಕೆಲಸದ ವಿಷಯ ಬಂದರೆ ಅಪ್ಪನ ಬಾಯಲ್ಲಿ ತೋಟದ ಮನೆಯವರ ಕನ್ನಡವೇ ಬರುತ್ತಿತ್ತು. ಸಕ್ಕರೆ ಕಾಯಿಲೆಗೆ ಕಣ್ಣು ಮಂಜಾದ ಮೇಲೂ ಬೆರಳಲ್ಲಿ ಸವರಿ ನೋಡಿಕೊಂಡು ಹಾಕುತ್ತಿದ್ದರು. ಹೋದ ವರ್ಷ ನಮ್ಮ ಮನೆಯ ದೇಗಿಗೆ, ಅಂದರೆ ಮದುವೆಗಳಲ್ಲಿ ಬಿರಿಯಾನಿ ಮಾಡುವ ದೊಡ್ಡ ತಾಮ್ರದ ಪಾತ್ರೆಗೆ, ಕಲಾಯಿ ಹಾಕಿದರು. ಆಮೇಲೆ ಮೂರೇ ತಿಂಗಳಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ದೇಗಿನೊಳಗಿನ ಆ ಹೊಳಪೇ ಅವರ ಕೊನೆಯ ಕೆಲಸವಾಯಿತು. ನನ್ನ ತಂಗಿಯ ಮಗಳ ಮದುವೆಯ ಊಟ ಅದರಲ್ಲೇ ಆಗಬೇಕೆಂದು ಅಪ್ಪ ಕಾದು ಕುಳಿತಿದ್ದರು.

ಭಾನುವಾರ ಮದುವೆ. ಗುರುವಾರ ಟೆಂಪೋಗೆ ಏರಿಸುವಾಗ ದೇಗು ಕೈಜಾರಿ ಬಿದ್ದು, ತಳದ ಬೆಸುಗೆ ನಾಲ್ಕು ಬೆರಳಿನಷ್ಟು ಬಾಯಿಬಿಟ್ಟಿತು.

"ಬುಡಣ್ಣ, ಶಾಮಿಯಾನದೋರ ಹತ್ರ ಸ್ಟೀಲ್ ಪಾತ್ರೆ ಸಿಕ್ತವೆ" ಎಂದಳು ತಂಗಿ.

"ನಾನೇನು ಸತ್ತೋಗಿದ್ದೀನಾ?" ಎಂದೆ. ಇಂಥ ಮಾತಿಗೆ ನನ್ನ ಬಾಯಿ ಯಾವತ್ತೂ ಮುಂದು.

ಅಪ್ಪ ಹೇಳಿದ್ದು ಒಂದೇ ಮಾತು. "ಕಲಾಯಿಗೆ ಬಿಸಿ ತಗುಲಿಸ್ಬೇಡ ಕಣ್ಲಾ." ಅದಕ್ಕೆ ನಾನು, "ಇದು ನಿಮ್ಮ ಇದ್ದಲ ಒಲೆ ಅಲ್ಲಪ್ಪ, ಸೂಜಿ ಮೊನೆಯಷ್ಟು ಜಾಗ ಮಾತ್ರ ಕಾಯ್ತದೆ" ಎಂದು ಕೊಚ್ಚಿಕೊಂಡೆ. ಅಪ್ಪ ನಂಬಿದರು. ಈ ಮಷೀನಿನ ವಿಷಯದಲ್ಲಿ ಅವರು ನನ್ನನ್ನು ಯಾವಾಗಲೂ ನಂಬುತ್ತಿದ್ದರು.

ಬಿರುಕಿನ ಸುತ್ತ ಒಂದು ಬೆರಳಗಲ ತವರ ಉಜ್ಜಿ ತೆಗೆದು ಬೆಸೆಯಲು ಕೂತೆ. ಬೆಳಕು ಹಸಿರಾಗಿ ಉರಿಯಿತೇ ಹೊರತು ತಾಮ್ರ ಕರಗಿ ಕೂಡಿಕೊಳ್ಳಲೇ ಇಲ್ಲ. ಹೇಗೋ ಕೂಡಿದ ಕಡೆಯೂ ಆರುವಾಗ ಮತ್ತೆ ಸೀಳಿತು. ಎರಡನೇ ಸಲವೂ ಅಷ್ಟೆ. ಇಡೀ ಪಾತ್ರೆಯನ್ನು ಮೊದಲು ಕಾಯಿಸದೆ ದಾರಿಯಿರಲಿಲ್ಲ. ಕಾಯಿಸಿದರೆ ತವರ ಉಳಿಯುವುದಿಲ್ಲ. ಬೆಸುಗೆ ಬೇಕು, ಇಲ್ಲ ಕಲಾಯಿ ಬೇಕು, ಎರಡರಲ್ಲಿ ಒಂದು. ಅಪ್ಪ ಹತ್ತು ಹೆಜ್ಜೆಯಾಚೆ ಮಂಚದ ಮೇಲೆ ಕೂತಿದ್ದರು. ಹೋಗಿ ಹೇಳಬಹುದಿತ್ತು. ಸೋತೆ ಅಂತ ಒಪ್ಪಿಕೊಳ್ಳಲು ನಾಚಿಕೆಯಾಯಿತು, ಹೇಳಲಿಲ್ಲ.

ತೆಂಗಿನ ಚಿಪ್ಪಿನ ಇದ್ದಲು ಹಾಕಿ ತಳ ಕಾಯಿಸಿದೆ. ಪಕ್ಕಗಳಿಗೆ ಒದ್ದೆ ಗೋಣಿಚೀಲ ಸುತ್ತಿದೆ. ಅದು ನನ್ನನ್ನೇ ನಾನು ಸಮಾಧಾನ ಮಾಡಿಕೊಳ್ಳುವುದಕ್ಕೆ ಅಷ್ಟೆ. ಈ ಸಲ ಬೆಸುಗೆ ನೀರಿನಂತೆ ಹರಿದು ಕೂತಿತು. ಅಷ್ಟು ಒಳ್ಳೆಯ ತಾಮ್ರದ ಬೆಸುಗೆಯನ್ನು ನಾನು ಮತ್ತೆ ಹಾಕಿಲ್ಲ. ಆರಿದ ಮೇಲೆ ಒಳಗೆ ಬಗ್ಗಿ ನೋಡಿದೆ. ತವರ ಇಳಿದು ತಳದಲ್ಲಿ ಗಡ್ಡೆಗಟ್ಟಿತ್ತು. ಗೋಡೆಯ ಮೇಲೆ ಬೂದು ಕಲೆ, ನಡುನಡುವೆ ಕೆಂಪು ತಾಮ್ರ.

ಸುತ್ತಮುತ್ತ ಕಲಾಯಿ ಹಾಕುವವರು ಯಾರೂ ಉಳಿದಿಲ್ಲ. ಶುಕ್ರವಾರ ತವರ ತಂದು ನಾನೇ ಹಾಕುವುದೆಂದು ಹೊರಟೆ. ತವರ ಹಿಡಿಯಲೆಂದು ಹಾಕುವ ನವಸಾಗರದ ಹೊಗೆ ಎದ್ದರೆ ಅಪ್ಪನ ಮೂಗಿಗೆ ತಿಳಿದುಬಿಡುತ್ತದೆಂದು ದೇಗನ್ನು ಆಟೋದಲ್ಲಿ ಕಿಬ್ಬನಹಳ್ಳಿ ಹತ್ತಿರ ಪರಿಚಯದವರ ತೋಟಕ್ಕೆ ಸಾಗಿಸಿದೆ. ಚಿಕ್ಕಂದಿನಲ್ಲಿ ತಿದಿ ಒತ್ತಿದ್ದೆನೇ ಹೊರತು ಹತ್ತಿಯಲ್ಲಿ ತವರ ಸವರುವ ಕೈ ನನಗೆ ಬಂದಿರಲಿಲ್ಲ. ಒಂದು ಕಡೆ ಗಂಟು, ಇನ್ನೊಂದು ಕಡೆ ಬೋಳು. ಸಂಜೆಯವರೆಗೆ ಹೆಣಗಾಡಿ, ಬೆರಳೆಲ್ಲ ಸುಟ್ಟುಕೊಂಡು ವಾಪಸ್ಸು ತಂದೆ.

ಶನಿವಾರ ಬೆಳಿಗ್ಗೆ ತಂಗಿ ದೇಗು ಒಯ್ಯಲು ಬಂದಳು. ಅಪ್ಪ ಗೋಡೆ ಹಿಡಿದುಕೊಂಡು ಬಂದು ಎಡಗೈಯನ್ನು ಒಳಗಿಟ್ಟರು. ಅಂಗೈ ಒಂದು ಸುತ್ತು ಹೋಯಿತು. ಒಂದು ಗಂಟಿನ ಮೇಲೆ ನಿಂತಿತು. ಮುಂದೆ ಹೋಗಿ ಮತ್ತೆ ಅಲ್ಲಿಗೇ ಬಂತು.

"ಇದು ನಾನು ಹಾಕಿದ್ದಾ?"

"ಹೂಂ ಅಪ್ಪ. ನಾನು ತಳ ಬಿಟ್ಟು ಏನೂ ಮುಟ್ಟಿಲ್ಲ."

ಅವರು ಕೈ ಹೊರಗೆ ತೆಗೆದರು. "ಹಂಗಾದ್ರೆ ನನ್ನ ಕೈ ಆವಾಗ್ಲೇ ಹೋಗಿತ್ತು ಕಣಪ್ಪ. ಯಾರೂ ನಂಗೆ ಹೇಳ್ಲಿಲ್ಲ" ಎಂದರು. ಆಮೇಲೆ ತಂಗಿಯ ಕಡೆ ತಿರುಗಿ, "ಇದ್ರಲ್ಲಿ ಮಾಡ್ಬ್ಯಾಡ ಕಣೇ, ಜನಕ್ಕೆ ಹೊಟ್ಟೆ ಕೆಡ್ತದೆ" ಎಂದರು.

ಮದುವೆಯ ಊಟ ಸ್ಟೀಲ್ ಪಾತ್ರೆಯಲ್ಲಿ ಆಯಿತು. ಅಪ್ಪ ಎರಡು ತುತ್ತು ತಿಂದು ಎದ್ದರು. ಸೋಮವಾರ ಬೆಳಿಗ್ಗೆಯೇ ಶರ್ಟು ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದರು. "ದಬ್ಬೇಘಟ್ಟದ ಕಡೆ ಕರ್ಕಂಡ್ ಹೋಗು. ಹೋದ ವರ್ಷ ಅಲ್ಲಿ ಒಂಬತ್ತು ಮನೆ ಪಾತ್ರೆ ಮಾಡಿವ್ನಿ. ಅದೂ ಇಂಥದೇ ಆಗಿರ್ತದೆ. ಹೇಳ್ಬುಟ್ಟು ಬರಾಣ."

ಬೈಕಿನಲ್ಲಿ ಎಡಗೈಯಿಂದ ನನ್ನ ಸೊಂಟ ಬಳಸಿ ಹಿಡಿದು ಕೂತರು. ಬಿದ್ದುಹೋದ ಕೈ ನನ್ನ ಬೆನ್ನಿಗೆ ತಗಲುತ್ತಿತ್ತು. ಪ್ರತಿ ತಿರುವಿನಲ್ಲೂ ಈಗ ಹೇಳಿಬಿಡುತ್ತೇನೆ ಎಂದುಕೊಂಡೆ. ಹೇಳಿದರೆ ಅವರ ಕೈ ಅವರಿಗೆ ವಾಪಸ್ಸು ಸಿಗುತ್ತದೆ, ಮಗ ಹೋಗುತ್ತಾನೆ. ನಾನು ಮಗನನ್ನು ಉಳಿಸಿಕೊಂಡೆ. ಅಷ್ಟು ನೀಚ ಬುದ್ಧಿ ನನ್ನದು.

ಮೊದಲನೇ ಮನೆಯ ಅಂಗಳದಲ್ಲಿ ಅಪ್ಪ ನಿಂತೇ ಕೈಮುಗಿದಂತೆ ಎಡಗೈ ಎತ್ತಿದರು. "ತಾಯಿ, ಹೋದ ವರ್ಷ ನಾ ಹಾಕಿದ ಕಲಾಯಿ ಸರಿ ಇಲ್ಲ. ಅದ್ರಲ್ಲಿ ಹುಳಿ ಕಾಯಿಸ್ಬ್ಯಾಡಿ. ತಪ್ಪಾಯ್ತು."

ಆ ಮನೆಯಾಕೆಗೆ ಅರ್ಥವೇ ಆಗಲಿಲ್ಲ. "ಅಯ್ಯೋ, ಚೆನ್ನಾಗೇ ಇತ್ತು ಕಣಣ್ಣ. ಮುಖ ಕಾಣ್ತಿತ್ತು ಅದ್ರಲ್ಲಿ" ಎಂದಳು.

"ಒಸಿ ತನ್ನಿ, ಮುಟ್ಟಿ ನೋಡ್ತೀನಿ."

"ಎಲ್ಲದೆ? ಯುಗಾದಿಲಿ ಅದ್ನ ಅಂಗಡಿಗೆ ಹಾಕ್ಬುಟ್ಟು ಕುಕ್ಕರ್ ತಗಂಡ್ವಲ್ಲ."

ಅಪ್ಪ ತಲೆ ಆಡಿಸಿದರು. ಬೈಕಿನ ಹತ್ತಿರ ಬಂದು, "ಮರ್ಯಾದೆಗೆ ಹೇಳ್ತವ್ಳೆ" ಎಂದರು. ಅವರನ್ನು ಹತ್ತಿಸಿಕೊಂಡು ಎರಡನೇ ಮನೆ ಯಾವ ಕಡೆ ಎಂದು ಕೇಳಿದೆ. ಎಡಕ್ಕೆ ಎಂದರು. ಎಡಕ್ಕೆ ತಿರುಗಿಸಿದೆ.