ತಟ್ಟಿ ನೋಡಲು ಗೋಡೆಯಿಲ್ಲದ ಕೋಣೆ

ಸಮುದ್ರ ನೋಡಲು ಹೊರಟ ದಿನ ಅಪ್ಪ ಛತ್ರಿ ಹಿಡಿದುಕೊಂಡೇ ರೈಲು ಹತ್ತಿದರು. ಅದು ಬಿಸಿಲಿಗಲ್ಲ ಎಂದು ನನಗೆ ಗೊತ್ತಾದದ್ದು ಮಹಾಬಲಿಪುರದ ಮೊದಲ ಲಾಡ್ಜಿನಲ್ಲಿ.

ಅಪ್ಪ ಬಂಗಾರಪೇಟೆ ಹತ್ತಿರದ ಹಳ್ಳಿಯ ಒಕ್ಕಲು ಮನೆತನದವರು. ಹೊಲವನ್ನು ಅಣ್ಣಂದಿರಿಗೆ ಬಿಟ್ಟು ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಗೆ ಇಳಿದವರು. ನಾವು ಅಲ್ಲೇ ಕಾರ್ಮಿಕರ ಲೈನಿನ ಮನೆಯೊಂದರಲ್ಲಿದ್ದೆವು. ಎಂಬತ್ತರ ದಶಕ, ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ನೆಲದಾಳದಲ್ಲಿ ಬಂಡೆ ತನ್ನಷ್ಟಕ್ಕೇ ಸಿಡಿಯುವುದು ನಮಗೆ ಹೊಸದೇನಲ್ಲ. ಢಮ್ ಎಂದರೆ ಸಾಕು, ಇಡೀ ಲೈನು ಬಯಲಿಗೆ ಓಡುತ್ತಿತ್ತು. ಮಕ್ಕಳೆಲ್ಲ ಇದ್ದಾರೆಯೇ ಎಂದು ನೋಡಿಕೊಂಡು, ಅರ್ಧಕ್ಕೆ ಬಿಟ್ಟ ಮಾತನ್ನು ಮುಂದುವರಿಸುತ್ತ ಹೆಂಗಸರು ಒಲೆಯ ಮುಂದೆ ಮರಳಿ ಕೂರುತ್ತಿದ್ದರು.

ಆ ಒಂದು ಮಧ್ಯಾಹ್ನ ಮಾತ್ರ ಹಾಗಾಗಲಿಲ್ಲ. ನಾನು ಹೊಸ್ತಿಲಲ್ಲಿ ನಿಂತು, ‘ಅಮ್ಮಾ, ಜಡೆ ಹಾಕು ಬಾ’ ಎಂದು ಕೂಗಿದೆ. ‘ಸಾರು ಉಕ್ತೈತೆ, ಬತ್ತೀನಿ ಇರೇ’ ಎಂದು ಗೊಣಗುತ್ತ, ಸೌಟನ್ನೂ ಹಿಡಿದುಕೊಂಡೇ ಅಮ್ಮ ಬಂದಳು. ನೆಲ ಒಮ್ಮೆ ಮೇಲೆದ್ದು ಕೂತಿತು. ಮೊದಲು ಗೂಡಿನ ಪಾತ್ರೆಗಳು ಬಿದ್ದವು, ಆಮೇಲೆ ಹಿಂದಿನ ಗೋಡೆ ಪೂರ್ತಿಯಾಗಿ ಒಳಕ್ಕೆ ಬಿತ್ತು. ಒಲೆ ಕಾಣಲಿಲ್ಲ. ಅಮ್ಮ ಕೂತಿದ್ದ ಮಣೆ ಕಾಣಲಿಲ್ಲ. ಇವತ್ತಿಗೂ ಆ ಪಾತ್ರೆಗಳು ನನ್ನ ಕಿವಿಯಲ್ಲಿ ಬೀಳುತ್ತವೆ. ನಾನೇ ಜಡೆ ಹಾಕಿಕೊಂಡಿದ್ದರೆ ಎಂಬಲ್ಲಿಗೆ ಬಂದು ಯೋಚನೆ ನಿಲ್ಲುತ್ತದೆ, ಮತ್ತೆ ಪಾತ್ರೆಗಳಿಂದ ಶುರುವಾಗುತ್ತದೆ.

ಅಪ್ಪ ಆ ಹೊತ್ತು ಗಣಿಯ ಬೇರೊಂದು ಶಾಫ್ಟಿನ ಆಳದಲ್ಲಿದ್ದರು, ಸಂಜೆಗೆ ಕ್ಷೇಮವಾಗಿ ಮೇಲೆ ಬಂದರು. ಗೋಡೆ ಮತ್ತೆ ಎದ್ದಿತು. ಅಮ್ಮ ಒಳಗೆ ಅಡಿಗೆ ಮಾಡುವಳು, ಗುಡಿಸುವಳು. ಮಲಗಲು ಮಾತ್ರ ಒಲ್ಲಳು. ಅಂಗಳದಲ್ಲೇ ಚಾಪೆ. ಅವಳ ಪಕ್ಕದಲ್ಲಿ ನನ್ನದು. ಮಳೆಗಾಲ ಹತ್ತಿರವಾಗುತ್ತಿತ್ತು. ‘ಎಲ್ಲಾದ್ರೂ ಓಗ್ಬರೋಣ. ಬೇರೆ ಊರಲ್ಲಾದ್ರೂ ಸೂರಿನ ಕೆಳ್ಗೆ ಕಣ್ಮುಚ್ತಾಳೇನೋ’ ಎಂದು ಅಪ್ಪ ನನ್ನೊಬ್ಬಳಿಗೇ ಹೇಳಿ ರಜೆ ಹಾಕಿದರು.

ಗಣಿಯೊಳಗೆ ಕೆಲಸ ಶುರು ಮಾಡುವ ಮುನ್ನ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟಿ ಕಿವಿಗೊಡುತ್ತಾರೆ. ಖಣ್ ಎಂದರೆ ಗಟ್ಟಿ. ಡೊಬ್ ಎಂದರೆ ಒಳಗೆ ಬಿರುಕಿದೆ, ಹಿಂದೆ ಸರಿಯಬೇಕು. ಅಪ್ಪ ಲಾಡ್ಜಿನ ಕೋಣೆಗೆ ಕಾಲಿಟ್ಟವರೇ ಮಂಚ ನೋಡಲಿಲ್ಲ, ಕಿಟಕಿಯಾಚೆಯ ಸಮುದ್ರವನ್ನೂ ನೋಡಲಿಲ್ಲ. ಛತ್ರಿಯ ತುದಿಯಿಂದ ಮೂಲೆ ಮೂಲೆ ತಟ್ಟತೊಡಗಿದರು. ಮ್ಯಾನೇಜರು ಬಾಗಿಲಿಗೆ ಒರಗಿ ತಮಿಳಿನಲ್ಲಿ ಕೇಳಿದ: ‘ಎನ್ನ ಸಾರ್, ರೂಮು ವೇಣುಮಾ, ಇಲ್ಲೆ ಬಿಲ್ಡಿಂಗೇ ವಾಂಗ ವಂದೀಂಗಳಾ?’ ರೂಮು ಬೇಕೋ, ಕಟ್ಟಡವನ್ನೇ ಕೊಳ್ಳಲು ಬಂದಿರೋ ಎಂದು. ನಾನು ತಲೆ ತಗ್ಗಿಸಿದೆ. ಅಪ್ಪ ತಟ್ಟುತ್ತಲೇ ಇದ್ದರು.

ಅಲ್ಲಿ ಚಾವಣಿ ಡೊಬ್ ಎಂದಿತು. ಎರಡನೆಯ ಲಾಡ್ಜಿನಲ್ಲಿ ಗೋಡೆಯೇ ಡೊಳ್ಳಿನಂತೆ ಸದ್ದು ಮಾಡಿತು. ಅಪ್ಪ ಇನ್ನೊಮ್ಮೆ ತಟ್ಟಿದರು. ಆಚೆಯಿಂದ ಯಾರೋ ಅಷ್ಟೇ ಜೋರಾಗಿ ತಿರುಗಿ ತಟ್ಟಿದರು. ಅದು ಗೋಡೆಯಲ್ಲ, ಸುಣ್ಣ ಬಳಿದ ಹಲಗೆ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಗೋಡೆ ಬಿದ್ದ ಮೇಲೆ ಅವಳು ನಕ್ಕದ್ದನ್ನು ಅಂದೇ ನೋಡಿದೆ.

ಮೂರನೆಯದು ಕಲ್ಲಿನ ಕಟ್ಟಡ. ನೆಲಮಹಡಿ, ಬಾಗಿಲು ತೆರೆದರೆ ಬಯಲು. ತಟ್ಟಿದಲ್ಲೆಲ್ಲ ಖಣ್ ಖಣ್. ಅಪ್ಪನ ಮುಖ ಅರಳಿತು.

‘ಕೇಳಿಸ್ತೇನೇ? ಬಂಡೆ ಇದ್ದಂಗೈತೆ. ಒಳಗ್ ಬಾ.’

ಅಮ್ಮ ಹೊಸ್ತಿಲು ದಾಟಲಿಲ್ಲ.

‘ನಮ್ಮನೆ ಗೋಡೆ ತಟ್ಟಿದ್ರೆ ಅದೂ ಇಂಗೇ ಅಂತಿತ್ತು’ ಎಂದಳು.

ಅಪ್ಪನ ಛತ್ರಿ ಕೆಳಗಿಳಿಯಿತು. ನಾವು ಮೂವರೂ ಚೀಲಗಳನ್ನು ಹೊತ್ತು ಮತ್ತೆ ಬಿಸಿಲಿಗೆ ಬಂದೆವು. ಸಮುದ್ರ ಪಕ್ಕದಲ್ಲೇ ಇತ್ತು, ಯಾರೂ ಅದರ ಕಡೆ ನೋಡುವ ಸ್ಥಿತಿಯಲ್ಲಿರಲಿಲ್ಲ.

ಸವುಕೆ ಮರಗಳ ತೋಪಿನ ಅಂಚಿನಲ್ಲಿ, ತಡಿಕೆ ಕಟ್ಟಿ ತೆಂಗಿನ ಗರಿ ಹೊದಿಸಿದ ಕೆಲವು ಗುಡಿಸಲುಗಳಿದ್ದವು. ಹೊರನಾಡಿನ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವಂಥವು. ಅಮ್ಮ ಅಲ್ಲಿ ನಿಂತಳು.

‘ಇದ್ರಲ್ಲಿ ತಟ್ಟಾಕೆ ಏನೈತೆ? ಗಟ್ಟಿಯಾಗ್ ಸೀನಿದ್ರೆ ಬಿದ್ದೋಯ್ತದೆ’ ಎಂದರು ಅಪ್ಪ.

‘ಬೀಳ್ಲಿ ಬಿಡಿ. ಕೊಡವ್ಕೊಂಡು ಎದ್ದೇಳ್ಬೋದು.’

ಅಪ್ಪ ಗರಿಯ ಸೂರನ್ನೇ ನೋಡುತ್ತ ನಿಂತರು. ತಡಿಕೆಗೆ ಛತ್ರಿ ತಾಗಿಸಿದರು. ಯಾವ ಸದ್ದೂ ಬರಲಿಲ್ಲ. ಹೋಗಿ ಬೀಗದ ಕೈ ತಂದರು.

ಕಟ್ಟಿ ತಂದಿದ್ದ ಪುಳಿಯೋಗರೆ ತಿಂದು ಚಾಪೆಗಳ ಮೇಲೆ ಒರಗಿದ್ದೆವು. ಇದ್ದಕ್ಕಿದ್ದಂತೆ ಢಮ್! ನಾನೂ ಅಪ್ಪನೂ ಒಟ್ಟಿಗೇ ಬಾಗಿಲಿನಿಂದ ಹಾರಿ ಮರಳಿನ ಮೇಲೆ ಬಿದ್ದೇಳುತ್ತ ಓಡಿದೆವು. ಎದುರಿಗೆ ದೊಡ್ಡ ಅಲೆಯೊಂದು ಒಡೆದು ನೊರೆಯಾಗಿ ಹಿಂದಕ್ಕೆ ಜಾರುತ್ತಿತ್ತು. ಮೀನುಬಲೆ ಹೊಲಿಯುತ್ತಿದ್ದ ಮುದುಕನೊಬ್ಬ ನಮ್ಮನ್ನೂ ಅಲೆಯನ್ನೂ ನೋಡಿದ. ಅಮ್ಮ ಹೊರಗೆ ಬಂದಿರಲಿಲ್ಲ. ನಾನು ಹಿಂದಕ್ಕೋಡಿ ಇಣುಕಿದೆ.

ಅಮ್ಮ ಮಗ್ಗುಲಾಗಿ, ಬಾಯಿ ಸ್ವಲ್ಪ ತೆರೆದು, ಗೊರಕೆ ಹೊಡೆಯುತ್ತಿದ್ದಳು.

‘ಎಬ್ಬಿಸ್ಬ್ಯಾಡ’ ಎಂದು ಅಪ್ಪ ಪಿಸುಗುಟ್ಟಿದರು. ಬಾಗಿಲ ಮುಂದೆ ಛತ್ರಿ ಬಿಚ್ಚಿದರು. ಅದು ಅಂದು ನೆರಳು ಕೊಟ್ಟದ್ದು ಅದೇ ಮೊದಲು. ಅದರಡಿ ಕೂತು, ಬಿಸಿಲು ಇಳಿಯುವವರೆಗೂ ನಾವಿಬ್ಬರೂ ಸಮುದ್ರ ನೋಡಿದೆವು.

ಊರಿಗೆ ಬಂದ ಮೇಲೆ ಅಪ್ಪ ಹಳ್ಳಿಯಿಂದ ತೆಂಗಿನ ಗರಿ ತರಿಸಿ, ಲೈನ್ ಮನೆಯ ಬಾಗಿಲಿಗೆ ಸೇರಿದಂತೆ ಅಂಗಳಕ್ಕೆ ಚಪ್ಪರ ಹಾಕಿದರು. ‘ಏನಣ್ಣಾ, ಕಲ್ಯಾಣವಾ?’ ಎಂದು ನೆರೆಯವರು ನಗಾಡಿದರು. ಅಮ್ಮ ಅದರಡಿ ಮಲಗಿದಳು. ನಾನೂ.

ಮೊದಲ ಮಳೆ ಬಂದದ್ದು ಒಂದು ಸಂಜೆ. ಗರಿ ಒಂದು ಕಡೆಯಿಂದ ಸೋರತೊಡಗಿತು. ಅಮ್ಮ ತನ್ನ ಚಾಪೆಯನ್ನು ಗೇಣು ಗೇಣಾಗಿ ಬಾಗಿಲ ಕಡೆ ಎಳೆದುಕೊಂಡಳು. ಆಮೇಲೆ ಎದ್ದು ಸುರುಳಿ ಸುತ್ತಿ ಒಳಗೇ ಹೋದಳು. ನಾನು ಹೊರಗೆ ನೆನೆಯುತ್ತ, ಹೊಸ ಗೋಡೆಯನ್ನೇ ನೋಡುತ್ತ ನಿಂತಿದ್ದೆ. ಒಳಗಿಡಲು ಕಾಲೇ ಏಳಲಿಲ್ಲ.

‘ಅಲ್ಯಾಕ್ ನಿಂತೆ ಅಮ್ಮಣ್ಣಿ? ತಲೆಯೆಲ್ಲಾ ಒದ್ದೆ’ ಎಂದು ಅಮ್ಮ ಒಳಗಿನಿಂದ ಕೂಗಿದಳು. ‘ಬಾ ಒಳ್ಗೆ, ಜಡೆ ಆಕ್ತೀನಿ.’

ಹೋದೆ.