ಸರ್ವೆ ಸಾಹೇಬರ ಇಪ್ಪತ್ತೆರಡು ದಿನ

ಶಿವಮೊಗ್ಗದ ಚರ್ಮದ ಡಾಕ್ಟರು ನನ್ನ ಎಡಗೈಯ ಒರಟು ಮಚ್ಚೆಯಿಂದ ಅವರೆಕಾಳಿನಷ್ಟು ಚರ್ಮ ಕತ್ತರಿಸಿ ತೆಗೆದರು. ನರ್ಸು ಸಣ್ಣ ಬಾಟಲಿಯೊಂದರ ಮುಚ್ಚಳ ತಿರುಗಿಸಿದಳು. ಮೂಗು ಚುಚ್ಚುವ, ಕಣ್ಣಲ್ಲಿ ನೀರು ತರಿಸುವ ಫಾರ್ಮಲಿನ್ ವಾಸನೆ ಬಂದದ್ದೇ ನಾನು ಮಲಗಿದ್ದಲ್ಲೇ ಮುಖ ಆಚೆ ತಿರುಗಿಸಿದೆ. "ನೋವಾಯ್ತಾ ಸರ್?" ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆ. ನೋವೇನೂ ಆಗಿರಲಿಲ್ಲ. ಇಪ್ಪತ್ತೇಳು ವರ್ಷದ ಹಿಂದೆ ಸೊರಬದಿಂದ ಹೊರಟ ಬಸ್ಸೊಂದರಲ್ಲಿ, ನನ್ನ ತೊಡೆಯ ಮೇಲಿದ್ದ ಚೀಲದಿಂದ ಇದೇ ವಾಸನೆ ಬಂದಿತ್ತು…

ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ಫಲಿತಾಂಶ ಒಂದು ವಾರಕ್ಕೆ ಬರುತ್ತದೆ ಎಂದಿದ್ದರು. ಎಂಟನೆಯ ದಿನ ಫೋನ್ ಮಾಡಿದರೆ, ಇನ್ನೊಂದು ಪರೀಕ್ಷೆ ಮಾಡಬೇಕಂತೆ, ನಾಲ್ಕು ದಿನ ಬಿಟ್ಟು ಕೇಳಿ ಎಂದಳು ಒಬ್ಬಾಕೆ. ನಾಲ್ಕು ದಿನ ಬಿಟ್ಟು ಕೇಳಿದರೆ, ನೋಡುವ ಡಾಕ್ಟರು ರಜೆಯಲ್ಲಿದ್ದಾರೆ ಎಂದ ಇನ್ನೊಬ್ಬ. ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. ಆತ ನಯವಾಗಿ, "ಸೋಮವಾರ ಟ್ರೈ ಮಾಡಿ ಸರ್" ಎಂದು ಇಟ್ಟುಬಿಟ್ಟ. ಮನೆಯಲ್ಲಿ ಹೆಂಡತಿಯ ಮೇಲೆ ರೇಗಿದೆ, ಅನ್ನ ಬಿಸಿಯಿಲ್ಲವೆಂದು. ಅನ್ನ ಬಿಸಿಯಾಗಿಯೇ ಇತ್ತು. ಮಾತಾಡಿಸಲು ಬಂದವರೆಲ್ಲ ಏನೂ ಇರಲ್ಲ ಬಿಡಿ ಎನ್ನುತ್ತಿದ್ದರು. ಏನೂ ಇರಲ್ಲ ಎಂದು ಇವರಿಗೆ ಯಾರು ಹೇಳಿದರು?

ನಾನು ಶಿಕಾರಿಪುರದ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರ. ಆ ದಿನಗಳಲ್ಲೇ ಬಳ್ಳಿಗಾವಿ ಕಡೆಯ ರೈತರೊಬ್ಬರು ಖಾತೆ ಬದಲಾವಣೆಗೆಂದು ಮೂರನೆಯ ಸಲ ಬಂದರು. ಫೈಲು ಎಲ್ಲಿದೆ ಎಂದೂ ನೋಡದೆ, ನಾಳೆ ಬನ್ನಿ ಎಂದೆ. ಅವರು ಕದಲಲಿಲ್ಲ.

"ಆಗಂಗಿಲ್ಲ ಅಂದ್ರ ಆಗಂಗಿಲ್ಲ ಅಂತ ಹೇಳ್ರಿ ಸಾಹೇಬ್ರ," ಎಂದರು. "ಗೊತ್ತಿದ್ದೂ ಗೊತ್ತಿದ್ದೂ ಕಾಯಿಸಬ್ಯಾಡ್ರಿ."

ಗೊತ್ತಿದ್ದೂ ಕಾಯಿಸುವುದು… ಫೈಲು ತರಿಸಿ ಅವರ ಕೆಲಸ ಮುಗಿಸಿಕೊಟ್ಟೆ. ಆದರೆ ಅಂದು ಇಡೀ ದಿನ ನನ್ನ ಕಣ್ಣ ಮುಂದೆ ಇದ್ದದ್ದು ಸೊರಬದ ಸರ್ವೆ ಸಾಹೇಬರು.

ನಾನು ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಗುಮಾಸ್ತನಾಗಿ ಸೊರಬಕ್ಕೆ ಹೋದಾಗ ಅವರ ಎದುರು ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಅವರು ಸರ್ವೆ ಇಲಾಖೆಯ ಭೂಮಾಪಕರು. ಮೂವತ್ತು ವರ್ಷ ಬಿಸಿಲಲ್ಲಿ ಜಮೀನು ಅಳೆದು ಮುಖ, ಕೈ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. ಮಾತು ಕಮ್ಮಿ, ಕೋಪ ಜಾಸ್ತಿ. ಆದರೆ ಹೋದ ಮೊದಲ ವಾರ ನನಗೆ ಜ್ವರ ಬಂದಾಗ ಗಂಜಿಯ ಪಾತ್ರೆ ಹಿಡಿದುಕೊಂಡು ಬಂದವರು ಅವರೇ. "ಹೆದರ್ಕಂಡ್ಯೇನಾ? ಉಣ್ಣು," ಎಂದು ನಾನು ಉಂಡು ಮುಗಿಸುವತನಕ ಬಾಗಿಲಲ್ಲಿ ನಿಂತಿದ್ದರು. ಅಂದಿನಿಂದ ನನ್ನ ಊಟ ಹೆಚ್ಚುಕಮ್ಮಿ ಅವರ ಮನೆಯಲ್ಲೇ ಆಗುತ್ತಿತ್ತು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ.

ಸಾಹೇಬರ ಬಲಗಿವಿಯ ಮೇಲಂಚಿನಲ್ಲಿ ಒಂದು ಹುಣ್ಣಿತ್ತು. ಒಣಗಿದಂತೆ ಕಾಣುವುದು, ಮತ್ತೆ ಬಿರಿಯುವುದು. ಅಕ್ಕನ ಕಾಟ ತಾಳಲಾರದೆ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ ಚರ್ಮದ ಡಾಕ್ಟರಿಗೆ ತೋರಿಸಿದರು. ಅವರು ಸಣ್ಣ ತುಂಡು ಕೊಯ್ದು ಬಾಟಲಿಗೆ ಹಾಕಿ, ಶಿವಮೊಗ್ಗದ ಲ್ಯಾಬಿಗೆ ಮುಟ್ಟಿಸಿ ಎಂದು ಕೈಗೇ ಕೊಟ್ಟರು. ಆಗ ಹಾಗೇ ಇತ್ತು. ಮಾರನೆಯ ದಿನ ನನಗೆ ಕಚೇರಿ ಕೆಲಸದ ಮೇಲೆ ಶಿವಮೊಗ್ಗಕ್ಕೆ ಹೋಗುವುದಿತ್ತು. ನಾನೇ ಒಯ್ಯುತ್ತೇನೆ ಎಂದೆ.

"ಹುಷಾರು ಮತ್ತೆ. ಮುಚ್ಚಳ ನೋಡ್ಕ," ಎಂದರು ಸಾಹೇಬರು.

ನೋಡಿಕೊಳ್ಳಲಿಲ್ಲ. ಅವತ್ತು ಶಿರಾಳಕೊಪ್ಪದಲ್ಲಿ ಸಂತೆ. ಬಸ್ಸು ನಿಂತದ್ದೇ ಜನ ಮೂಟೆ ಸಮೇತ ನುಗ್ಗಿದರು. ಯಾರದೋ ಮೆಣಸಿನಕಾಯಿ ಚೀಲ ನನ್ನ ತೊಡೆಯ ಮೇಲೆ ಒರಗಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ವಾಸನೆ ಎದ್ದಿತು. ಪಕ್ಕದವರು ಮೂಗು ಮುಚ್ಚಿಕೊಂಡು ನನ್ನನ್ನೇ ನೋಡಿದರು. ಚೀಲ ಬಿಚ್ಚಿದರೆ ಮುಚ್ಚಳ ಸಡಿಲವಾಗಿ, ತುಂಡು ಕೆಡದಂತೆ ಹಾಕಿದ್ದ ಫಾರ್ಮಲಿನ್ ನೀರೆಲ್ಲ ಸೋರಿತ್ತು. ಶಾಯಿಯಲ್ಲಿ ಬರೆದಿದ್ದ ಹೆಸರು ಕಲಸಿಹೋಗಿತ್ತು. ಬಿಳಿ ತುಂಡು ಗಾಜಿನ ಗೋಡೆಗೆ ಅಂಟಿಕೊಂಡಿತ್ತು. ಕಚೇರಿ ಕೆಲಸ ಮುಗಿಸಿಕೊಂಡು ಲ್ಯಾಬಿಗೆ ಹೋಗುವಾಗ ಸಂಜೆಯಾಗಿತ್ತು. ಮೊದಲು ಅಲ್ಲಿಗೇ ಹೋಗಬಹುದಿತ್ತು… ಚೀಟಿಯೊಂದರ ಮೇಲೆ ಹೆಸರು ಬರೆದು ಬಾಟಲಿಗೆ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟೆ. ನೀರು ಸೋರಿದ್ದನ್ನು ಅಲ್ಲಿಯೂ ಹೇಳಲಿಲ್ಲ, ಸೊರಬಕ್ಕೆ ಬಂದೂ ಹೇಳಲಿಲ್ಲ. ಎಂಟು ದಿನಕ್ಕೆ ನನ್ನ ಕಚೇರಿಗೆ ಅಂಚೆಯಲ್ಲಿ ಬರುತ್ತದಂತೆ ಎಂದಷ್ಟೇ ಹೇಳಿದೆ.

ಎಂಟು ದಿನ ಸಾಹೇಬರು ಗಟ್ಟಿಯಾಗಿಯೇ ಇದ್ದರು. ಒಂಬತ್ತನೆಯ ದಿನ ಪತ್ರ ಬರಲಿಲ್ಲ. ಹತ್ತನೆಯ ದಿನ ನಾನು ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಲ್ಯಾಬಿಗೆ ಫೋನ್ ಮಾಡಿದೆ. ತುಂಡು ಪೂರ್ತಿ ಒಣಗಿದೆ, ಏನೂ ಹೇಳಲು ಬರುವುದಿಲ್ಲ, ಮತ್ತೊಮ್ಮೆ ತೆಗೆದು ಕಳಿಸಿ ಎಂದರು.

ಬೂತಿನಿಂದ ಮನೆಗೆ ಹತ್ತು ನಿಮಿಷದ ದಾರಿ. ಹೇಗೆ ಹೇಳುವುದೆಂದು ಯೋಚಿಸುತ್ತಲೇ ನಡೆದೆ. ಸಾಹೇಬರು ಜಗಲಿಯಲ್ಲೇ ಕೂತಿದ್ದರು.

"ಎಂತ ಹೇಳಿದ್ರಾ ತಮ್ಮಾ?"

"ಇನ್ನೂ ಆಗಿಲ್ವಂತೆ," ಎಂದುಬಿಟ್ಟೆ.

ನಾಳೆ ಹೇಳೋಣ ಎಂದುಕೊಂಡೆ. ನಾಳೆಯೂ ಹಾಗೇ ಅಂದುಕೊಂಡೆ. ಎರಡು ದಿನ ಮುಚ್ಚಿಟ್ಟ ಮೇಲೆ ಮೂರನೆಯ ದಿನ ಹೇಳುವುದು ಇನ್ನೂ ಕಷ್ಟವಾಯಿತು. ಅವರು ದಿನಾ ಕಚೇರಿಗೆ ಬಂದು ಅಂಚೆಯವರನ್ನು ಹಿಡಿದು ನಿಲ್ಲಿಸುತ್ತಿದ್ದರು. ಲ್ಯಾಬಿನವರನ್ನು ಬೈಯುತ್ತಿದ್ದರು. ಅಕ್ಕನನ್ನು ಬೈಯುತ್ತಿದ್ದರು. ಕ್ಷೌರ ಮಾಡಿಕೊಳ್ಳಲು ಕನ್ನಡಿ ಹಿಡಿದವರು ಅರ್ಧಕ್ಕೇ ಬಿಟ್ಟು ಕಿವಿಯನ್ನೇ ನೋಡುತ್ತ ಕೂರುತ್ತಿದ್ದರು. ಆನವಟ್ಟಿ ಕಡೆಯ ಹಳ್ಳಿಯೊಂದರಲ್ಲಿ ಜಮೀನಿನ ಗಡಿ ಗುರುತಿಸುವ ಹದ್ದುಬಸ್ತಿಗೆ ಹೋಗಿ, ಜೀವಮಾನದಲ್ಲೇ ಮೊದಲ ಸಲ ಅಳತೆ ತಪ್ಪಿದರು. ರಾತ್ರಿ ಲೆಕ್ಕ ನೋಡುವಾಗ ತಿಳಿಯಿತಂತೆ. ಬೆಳಗಿನ ಮೊದಲ ಬಸ್ಸಿಗೇ ಹೋಗಿ ಎರಡೂ ಕಡೆಯ ರೈತರನ್ನು ಕರೆಸಿ, ತಪ್ಪು ನನ್ನದು ಎಂದು ಹೇಳಿ, ಮತ್ತೆ ಅಳೆದು ಕಲ್ಲು ನೆಡಿಸಿ ಬಂದರು. ಊಟ ಬಡಿಸುತ್ತ ಅಕ್ಕ ಇದನ್ನು ನನಗೆ ಹೇಳಿದರು. ನಾನು ತಲೆ ಬಗ್ಗಿಸಿಕೊಂಡು ಉಂಡೆ.

ಹತ್ತೊಂಬತ್ತನೆಯ ದಿನವೋ ಇಪ್ಪತ್ತನೆಯ ದಿನವೋ… ಸಂಜೆ ಅವರ ಮನೆಗೆ ಹೋದರೆ ಗಂಡ ಹೆಂಡತಿ ಚಾಪೆಯ ಮೇಲೆ ಕೂತಿದ್ದರು. ಮುಂದೆ ಫ್ಯಾಮಿಲಿ ಪೆನ್ಷನ್ನಿನ ಅರ್ಜಿ. ಸಾಹೇಬರು ಬೆರಳಿಟ್ಟು ತೋರಿಸುತ್ತಿದ್ದರು.

"ಇಲ್ಲಿ ನಿನ್ ಹೆಸ್ರು. ಇಲ್ಲಿ ನಂದು. ನನ್ ಹೆಸ್ರಿನ ಹಿಂದೆ ದಿವಂಗತ ಅಂತ ಬರೀಬೇಕು."

"ಅದೊಂದು ನಾ ಬರಿಯಲ್ಲ," ಎಂದರು ಅಕ್ಕ.

"ಬರೀದಿದ್ರೆ ಅರ್ಜಿ ವಾಪಸ್ ಬರ್ತದೆ ಕಣೇ," ಎಂದರು ಸಾಹೇಬರು, ಕಚೇರಿಯಲ್ಲಿ ಜನರಿಗೆ ಹೇಳುವ ದನಿಯಲ್ಲಿ.

ಅವತ್ತೂ ನಾನು ಹೇಳಲಿಲ್ಲ. ಬಾಗಿಲಿಂದಲೇ ಹಿಂದಿರುಗಿದೆ. ಇದನ್ನು ಬರೆಯುವಾಗ ನನ್ನ ಮೇಲೇ ನನಗೆ ಅಸಹ್ಯವಾಗುತ್ತದೆ. ಹೆದರಿಕೆ ಎಂದು ಕರೆದುಕೊಂಡಿದ್ದೆ ಆಗ. ಏನು ಹೆದರಿಕೆ? ಬೈಸಿಕೊಳ್ಳುವ ಹೆದರಿಕೆ, ಅಷ್ಟೇ.

ಇಪ್ಪತ್ತೆರಡನೆಯ ದಿನ ಅವರೇ ಶಿವಮೊಗ್ಗಕ್ಕೆ ಹೋದರು. ಸಂಜೆ ಬಂದು ನೇರ ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಕೂಗಾಡಬಹುದೆಂದು ಕಾದೆ. ಕೂಗಾಡಲಿಲ್ಲ.

"ನೀರು ಚೆಲ್ಲಿದ್ದಕ್ಕೆ ಬೇಜಾರಿಲ್ಲ," ಎಂದರು. "ಬಸ್ಸಲ್ಲಿ ಯಾರ ಕೈಲಾದ್ರೂ ಚೆಲ್ತದೆ. ಹತ್ತನೇ ದಿನ ನಿಂಗೆ ಗೊತ್ತಾಗಿತ್ತಂತಲ್ಲ. ಹೇಳಿದ್ರೆ ಅವತ್ತೇ ಇನ್ನೊಂದ್ಸಲ ಕೊಯ್ಸ್ಕಂಡು ಬರ್ತಿದ್ದೆ. ಹನ್ನೆರಡು ದಿನ ನನ್ನ ಸುಮ್ನೆ ಸಾಯಿಸಿದ್ಯಲ್ಲಾ."

ಅಷ್ಟು ಹೇಳಿ ಹೊರಟುಹೋದರು.

ಎರಡನೆಯ ಸಲ ತೆಗೆದ ತುಂಡಿನಲ್ಲಿ ಕ್ಯಾನ್ಸರ್ ಇದೆಯೆಂದು ಬಂತು. ನಿಧಾನವಾಗಿ ಬೆಳೆಯುವ ಜಾತಿಯದು. ಕಿವಿಯ ಮೇಲ್ಭಾಗ ಕತ್ತರಿಸಿ ತೆಗೆದರು, ಗುಣವಾಯಿತು. ತಡವಾದದ್ದರಿಂದ ತೊಂದರೆಯೇನೂ ಆಗಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಆ ಮಾತನ್ನು ನಾನು ಎಷ್ಟು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದೆನೋ… ಎದುರಾದರೆ ಸಾಹೇಬರು ದಾರಿ ಬದಲಿಸುತ್ತಿದ್ದರು. ನನಗೆ ವರ್ಗವಾಯಿತು. ಹೇಳದೆ ಹೊರಟೆ.

ಕಳೆದ ಭಾನುವಾರ ಸೊರಬದ ಬಸ್ಸು ಹತ್ತಿದೆ. ಮನೆ ಅದೇ, ಹೆಂಚು ಹೋಗಿ ತಾರಸಿ ಬಂದಿದೆ. ಅಕ್ಕನಿಗೆ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗುರುತು ಹಿಡಿದ ಮೇಲೂ ನಗಲಿಲ್ಲ. ಸಾಹೇಬರು ಹೋಗಿ ನಾಲ್ಕು ವರ್ಷವಾಯಿತಂತೆ. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಒರಗಿದರಂತೆ. ಹೃದಯ.

"ಅವರ ಹತ್ರ ತಪ್ಪಾಯ್ತು ಅನ್ನಬೇಕಿತ್ತು ಅಕ್ಕ," ಎಂದೆ.

"ಅನ್ನಬೇಕಿತ್ತು," ಎಂದರು.

"ಸಿಟ್ಟಿತ್ತಾ ಅವರಿಗೆ?"

"ಇತ್ತು. ಸುಳ್ಳು ಯಾಕೆ ಹೇಳ್ಲಿ. ನಿಮ್ ಹೆಸ್ರು ಎತ್ತಿದ್ರೆ ಎದ್ದು ಹೋಗೋರು. ಒಂದೆರಡು ವರ್ಷ ಬರ್ತೀರೇನೋ ಅಂತ ನೋಡಿದ್ರು. ಆಮೇಲೆ ಬಿಟ್ರು."

ಮೊದಲು ನನ್ನನ್ನು ನೀನು ಎನ್ನುತ್ತಿದ್ದವರು ಅವರು. ಕಾಫಿ ತಂದುಕೊಟ್ಟರು. ಲೋಟ ತೆಗೆದುಕೊಳ್ಳುವಾಗ ನನ್ನ ಕೈಯ ಪಟ್ಟಿ ನೋಡಿ, ಏನದು ಎಂದರು. ಹೇಳಿದೆ. ಎಷ್ಟು ದಿನವಾಯಿತು ಎಂದು ಕೇಳಿದರು. ಹದಿನೈದು ಎಂದೆ. ಹೊರಡುವಾಗ ಅಕ್ಕ ತಮ್ಮ ನಂಬರನ್ನು ನನ್ನ ಫೋನಿಗೆ ಹಾಕಿಸಿದರು.

"ಒಳ್ಳೇದಾದ್ರೂ ಸರಿ, ಕೆಟ್ಟದಾದ್ರೂ ಸರಿ. ಬಂದ ಕೂಡ್ಲೆ ಹೇಳಿ. ನನ್ನ ಮತ್ತೆ ಕಾಯಿಸ್ಬೇಡಿ."

ಸೋಮವಾರವೂ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಬುಧವಾರ ಮಧ್ಯಾಹ್ನ ಡಾಕ್ಟರೇ ಫೋನ್ ಮಾಡಿದರು. ಕ್ಯಾನ್ಸರ್ ಅಲ್ಲ, ಬಿಟ್ಟರೆ ಮುಂದೆ ಆಗಬಹುದು, ಉಳಿದದ್ದನ್ನೂ ತೆಗೆದುಬಿಡೋಣ ಎಂದರು. ಮನೆಗೆ ತಿಳಿಸಿದೆ. ಕಚೇರಿಯ ಮೆಟ್ಟಿಲ ಮೇಲೆ ಕೂತು ಸೊರಬಕ್ಕೆ ಫೋನ್ ಮಾಡಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡರು.

"ಆಯ್ತು. ಹೇಳಿದ್ರಲ್ಲ," ಎಂದು ಫೋನ್ ಇಟ್ಟರು.

ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಲ್ಲ. ಆ ಒಂದು ನಿಮಿಷವನ್ನು ನಾನು ಸರ್ವೆ ಸಾಹೇಬರಿಗೆ ಹನ್ನೆರಡು ದಿನ ಕೊಡಲಿಲ್ಲ. ಆಮೇಲೆ ಅವರು ಬದುಕಿದ್ದಷ್ಟು ವರ್ಷವೂ ಕೊಡಲಿಲ್ಲ.